ಅಂಗೈಯಲ್ಲಿ ಮನೆಗೆ ಹೋದ ಸುದ್ದಿ

ಶನಿವಾರ ನಮಗೆ ಬೆಳಗಿನ ಶಾಲೆ. ಗಂಟೆ ಹೊಡೆದು ಮಕ್ಕಳೆಲ್ಲ ಓಡಿಹೋದ ಮೇಲೆ ನಾನು ತರಗತಿಯಲ್ಲೇ ಕೂತು ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಬರೆಯುತ್ತೇನೆ. ಈ ವಾರ ಮಕ್ಕಳು ಒತ್ತಕ್ಷರದ ಪದಗಳನ್ನು ಓದಲು ಕಲಿತಿದ್ದಾರೆ. ದಶಕ ಬರುವ ಕೂಡುವ ಲೆಕ್ಕ ಶುರುವಾಗಿದೆ. ಸೋಮವಾರ ಉಗುರು ಕತ್ತರಿಸಿ ಕಳಿಸಿ. ಬುಧವಾರ ಜಂತುಹುಳದ ಮಾತ್ರೆ ಕೊಡುತ್ತಾರೆ, ತಪ್ಪಿಸಬೇಡಿ. ಆಧಾರ್ ಜೆರಾಕ್ಸ್ ಕೊಡದವರು ಕೊಡಿ. ಇಷ್ಟೇ. ಎರಡು ವರ್ಷದಿಂದ ಬರೆಯುತ್ತಿದ್ದೇನೆ, ಚೆನ್ನಾಗಿಯೇ ಬರೆಯುತ್ತೇನೆ ಅಂದುಕೊಂಡಿದ್ದೆ.

ಹೋದ ತಿಂಗಳು ಮೊಮ್ಮಗಳನ್ನು ಕರೆದೊಯ್ಯಲು ಬಂದ ಒಬ್ಬ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದಳು: "ಸಾರ್, ನೀವು ಫೋನ್ನಾಗೆ ಏನೋ ಹಾಕ್ತೀರಂತೆ. ನನ್ ಮಗ ಬೆಂಗ್ಳೂರಾಗೆ ಅದಾನೆ, ಫೋನೂ ಅವನತ್ರಾನೇ ಐತಿ. ಹುಡುಗಿ ಏನ್ ಕಲ್ತಾಳೆ ಅಂತ ಬೆಂಗ್ಳೂರಿಗೆ ಗೊತ್ತಾಗ್ತೈತಿ, ನಂಗ್ ಗೊತ್ತಾಗಲ್ಲ ನೋಡ್ರಿ."

ಅವಳು ದೂರುತ್ತಿರಲಿಲ್ಲ, ಇದ್ದದ್ದನ್ನು ಹೇಳಿದಳು. ನಾನು ಮಾತ್ರ ಆ ದಿನದಿಂದ ಒಂದು ಪ್ರಶ್ನೆ ಹಿಡಿದುಕೊಂಡು ಓದತೊಡಗಿದೆ: ಓದಲು ಬಾರದ ಮನೆಗೆ ಶಾಲೆ ತನ್ನ ಸುದ್ದಿಯನ್ನು ಹೇಗೆ ಮುಟ್ಟಿಸುತ್ತಿತ್ತು?

ನಮ್ಮ ಬಳ್ಳಾರಿ ಸೀಮೆಯವರಿಗೆ ಈ ವಿಷಯದಲ್ಲಿ ಒಂದು ಅದೃಷ್ಟವಿದೆ. 1822ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ ಎಂದು ಲೆಕ್ಕ ಕೇಳಿದ. ಬಹಳಷ್ಟು ಕಲೆಕ್ಟರುಗಳು ಕೋಷ್ಟಕ ತುಂಬಿಸಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. 1823ರ ಆಗಸ್ಟ್ 17ರ ಅವನ ವರದಿಯಲ್ಲಿ ಅಂಕಿಗಳ ಜೊತೆಗೆ ಒಂದು ತರಗತಿಯ ದಿನವೂ ಇದೆ. ಧರ್ಮಪಾಲರು 1983ರಲ್ಲಿ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಅದನ್ನು ಇಡಿಯಾಗಿ ಅಚ್ಚು ಹಾಕಿಸಿದ್ದರಿಂದ ಈಗ ಯಾರು ಬೇಕಾದರೂ ಓದಬಹುದು.

ಲೆಕ್ಕ ಹೀಗಿದೆ: ಇಡೀ ಜಿಲ್ಲೆಗೆ 533 ಶಾಲೆಗಳು, 6,641 ಮಕ್ಕಳು. ಕನ್ನಡ ಕಲಿಸುವವು 235, ತೆಲುಗು 226. ಆಗಿನ ಬಳ್ಳಾರಿಯಲ್ಲಿ ಇಂದಿನ ಅನಂತಪುರವೂ ಸೇರಿತ್ತಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಮರಾಠಿ, ಸಂಸ್ಕೃತ, ಪಾರ್ಸಿ ಒಂದಿಷ್ಟು, ತಮಿಳು ನಾಲ್ಕು, ಇಂಗ್ಲಿಷ್ ಒಂದೇ ಒಂದು. ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ನನ್ನ ತರಗತಿಯಲ್ಲಿ ಅದರ ಎರಡರಷ್ಟಿದ್ದಾರೆ.

ಇವೇ ನಮ್ಮ ಹಿರಿಯರು ಕೂಲಿ ಮಠ, ಐಗಳ ಮಠ ಎನ್ನುತ್ತಿದ್ದ ಶಾಲೆಗಳು. ಮರಳಿನ ಮೇಲೆ ಬರೆಯುವ ಹುಡುಗ ತಿಂಗಳಿಗೆ ಕಾಲು ರೂಪಾಯಿ, ಕಾಗದಕ್ಕೋ ಮೇಲಿನ ಲೆಕ್ಕಕ್ಕೋ ಏರಿದವನು ಅರ್ಧ ರೂಪಾಯಿ ಕೊಡಬೇಕಿತ್ತು ಎಂದು ಕ್ಯಾಂಪ್‌ಬೆಲ್ ಬರೆಯುತ್ತಾನೆ. ಮಗುವನ್ನು ಸೇರಿಸುವ ದಿನ ಮನೆಯವರು ಐಗಳನ್ನೂ ಶಾಲೆಯ ಮಕ್ಕಳನ್ನೂ ಮನೆಗೇ ಕರೆಯುತ್ತಿದ್ದರು. ಗಣೇಶನ ಸುತ್ತ ಎಲ್ಲರೂ ಕೂತು, ಐಗಳು ಹೊಸ ಹುಡುಗನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದರು. ಎಂದರೆ ಮಗು ಶಾಲೆಗೆ ಹೋಗುವ ಮೊದಲು ಶಾಲೆ ಮನೆಗೆ ಬರುತ್ತಿತ್ತು. ತಾಯಿಗೆ ಅಕ್ಷರ ಬಾರದಿದ್ದರೂ ಮಗನ ಬೆರಳು ಅಕ್ಕಿಯಲ್ಲಿ ಓಡಿದ್ದನ್ನು ಅವಳು ಕಣ್ಣಾರೆ ನೋಡಿರುತ್ತಿದ್ದಳು.

ಆದರೆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲುಗಳು. ಬೆಳಿಗ್ಗೆ ಆರಕ್ಕೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಐಗಳು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ ಎಂದು ಅರ್ಥ. ಮೂರನೆಯವನಿಗೆ ಒಂದು ಮೆಲು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು.

ಹನ್ನೆರಡು ಮಕ್ಕಳ ಶಾಲೆಯಲ್ಲಿ ಕೊನೆಯವನಿಗೆ ಹತ್ತು ಏಟು ಎಂದಾಯಿತು. ನಾನು ಏಟಿನ ಪರ ವಕಾಲತ್ತು ಮಾಡುತ್ತಿಲ್ಲ. ಆದರೆ ಆ ಅಂಗೈ ಮನೆಗೆ ಹೋಗುತ್ತಿತ್ತಲ್ಲ, ಅದನ್ನು ಯೋಚಿಸುತ್ತೇನೆ. ಊಟಕ್ಕೆ ಕೂತ ಮಗನ ಕೈಯಲ್ಲಿ ಮಸಿ ಇದೆಯೋ, ಸೊನ್ನೆ ಇದೆಯೋ, ಬಾಸುಂಡೆ ಇದೆಯೋ ಎಂದು ಯಾವ ತಾಯಿಗೂ ಗೊತ್ತಾಗುತ್ತಿತ್ತು. ಓದಿ ಹೇಳುವವರು ಬೇಕಿರಲಿಲ್ಲ, ಮಗ ಸುಳ್ಳು ಹೇಳುವಂತೆಯೂ ಇರಲಿಲ್ಲ.

ಬೇರೆ ಯಾವ ಬರಹವೂ ಆ ಶಾಲೆಯಿಂದ ಮನೆಗೆ ಹೋಗಿರಲಾರದು. ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಗೆ ಇದ್ದಿಲು ಅಂಟು ಬಳಿದು ಪುಸ್ತಕದಂತೆ ಮಡಿಸಿದ್ದು ಕಡತ. ಅದರ ಮೇಲೆ ಬಳಪದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಮರಳಂತೂ ಕೈಯಾಡಿಸಿದರೆ ಸಾಕು.

ವರ್ಷಕ್ಕೊಮ್ಮೆ ಇನ್ನೊಂದು ದಾರಿ ಇತ್ತು. ಹಳೆ ಮೈಸೂರು ಸೀಮೆಯಲ್ಲಿ ಮಾರ್ನಮಿಯ ದಿನಗಳಲ್ಲಿ ಕೂಲಿ ಮಠದ ಐಗಳು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಮಕ್ಕಳ ಕೈಯಲ್ಲಿ ಬಣ್ಣದ ಬಿಲ್ಲು ಬಾಣ, ಬಾಯಲ್ಲಿ ಪದ. ಮನೆಯವರು ಕಾಳು ಕಡಿಯೋ ಕಾಸೋ ಕೊಡುತ್ತಿದ್ದರು, ಅದು ಐಗಳ ಪಾಲು. ಹಬ್ಬದ ಸಡಗರ ಎಂದೇ ಇದನ್ನು ನೆನೆಯುತ್ತೇವೆ. ಮೇಷ್ಟರಾದ ನನ್ನ ಕಣ್ಣಿಗೆ ಅದು ವಾರ್ಷಿಕ ವರದಿ. ನಿಮ್ಮ ಮಗ ಇಷ್ಟು ಉದ್ದದ ಪದ ತಪ್ಪಿಲ್ಲದೆ ಹೇಳುತ್ತಾನೆ ನೋಡಿ ಎನ್ನುವುದೂ ಅದೇ, ಬಾಕಿ ಉಳಿದ ಕೂಲಿಯ ಜ್ಞಾಪನೆಯೂ ಅದೇ. ನನ್ನ ಶನಿವಾರದ ಮೆಸೇಜಿನಲ್ಲಿರುವುದೂ ಈ ಎರಡೇ ತಾನೆ.

ಇಲ್ಲಿಗೆ ನಿಲ್ಲಿಸಿ ಹಳೆಯ ಕಾಲವೇ ಚೆನ್ನಾಗಿತ್ತು ಎಂದುಬಿಡುವುದು ಸುಲಭ. ಹಾಗೆ ಬರೆದವರೂ ಇದ್ದಾರೆ. ಆದರೆ ಅದೇ ಕ್ಯಾಂಪ್‌ಬೆಲ್ ವರದಿಯಲ್ಲಿ ಇನ್ನೊಂದು ಅಂಕಿ ಇದೆ: 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಒಂಬತ್ತು ಲಕ್ಷಕ್ಕೂ ಮೀರಿದ ಜನ ಇದ್ದ ಜಿಲ್ಲೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಅವರ ಮುತ್ತಜ್ಜಿಯರ ಅಂಗೈಯಲ್ಲಿ ಯಾರೂ ಸರಸ್ವತಿಯ ಹೆಸರು ಬರೆದಿರಲಾರರು. ಚೌಪದದ ಸಾಲು ಕೂಡ ಎಲ್ಲ ಕೇರಿಗಳಿಗೂ ತಿರುಗಿತ್ತು ಎಂದು ನಂಬಲು ನನಗೆ ಧೈರ್ಯವಿಲ್ಲ. ಸುದ್ದಿ ಮುಟ್ಟಿಸುವ ದಾರಿ ಸೊಗಸಾಗಿತ್ತು, ಸುದ್ದಿ ಮುಟ್ಟುವ ಮನೆಗಳೇ ಕೆಲವು.

ಯಾಕೆ ಕೆಲವು ಎನ್ನುವುದಕ್ಕೆ ಕ್ಯಾಂಪ್‌ಬೆಲ್ ಕೊಡುವ ಕಾರಣ ಬಡತನ. ಜನ ಬಡವಾಗಿದ್ದಾರೆ, ಓದಿನ ಖರ್ಚು ತೂಗಿಸಲಾರರು, ಎಳೆಯ ಕೈಕಾಲುಗಳಿಗೆ ಚೂರು ಶಕ್ತಿ ಬಂದ ಕೂಡಲೇ ದುಡಿಮೆಗೆ ಹಚ್ಚಬೇಕಾಗಿದೆ ಎಂಬ ಅರ್ಥದ ಮಾತುಗಳನ್ನು ಒಬ್ಬ ಕಂಪನಿ ಅಧಿಕಾರಿ ತನ್ನ ಸರ್ಕಾರಕ್ಕೇ ಬರೆದ. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ನನ್ನ ಹಾಜರಿ ಪುಸ್ತಕ ತೆರೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

1854ರ ವುಡ್ಸ್ ಡಿಸ್ಪ್ಯಾಚ್ ಬಂದ ಮೇಲೆ ಶಿಕ್ಷಣಕ್ಕೊಂದು ಇಲಾಖೆ, ಇನ್ಸ್‌ಪೆಕ್ಟರುಗಳು, ಅನುದಾನ ಎಲ್ಲ ಬಂದವು. ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಹಣ ಕೊಡುವ ಪದ್ಧತಿಯೂ ನಡೆಯಿತು. ಶಾಲೆಯಲ್ಲಿ ಕಾಗದ ಹೆಚ್ಚಿತು, ಆದರೆ ಆ ಕಾಗದ ಮೇಲಕ್ಕೆ ಹೋಗುತ್ತಿತ್ತು, ಮನೆಗಲ್ಲ. ಮೇಷ್ಟರು ಊರಿನ ಕೂಲಿ ಬಿಟ್ಟು ಸರ್ಕಾರದ ಸಂಬಳಕ್ಕೆ ಸೇರಿದ್ದರಿಂದ ಬಡವರ ಮಕ್ಕಳಿಗೆ ಬಾಗಿಲು ತೆರೆಯಿತು, ನಾನೂ ಆ ಬಾಗಿಲಿನಿಂದಲೇ ಬಂದವನು. ಆದರೆ ಊರಿನ ಜಗಲಿಗೆ ಹೋಗಿ ಲೆಕ್ಕ ಒಪ್ಪಿಸಬೇಕಾದ ಜರೂರು ಅವರಿಗೆ ಉಳಿಯಲಿಲ್ಲ. ನಮ್ಮ ರಾಜ್ಯದಲ್ಲಿ ತಂದೆ ತಾಯಿಯರು ಕೂಡುವ ಎಸ್‌ಡಿಎಂಸಿಗಳು ಬಂದದ್ದು 2001ರಲ್ಲಿ.

ಮನೆಗೆಂದು ಬಂದ ಕಾಗದ ಪ್ರಗತಿ ಪತ್ರ. ಅದರ ಕೊನೆಗೆ "ಪೋಷಕರ ಸಹಿ" ಎಂದೊಂದು ಗೆರೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಆ ಪತ್ರದಲ್ಲಿ ಮೇಷ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು: ಗಣಿತದಲ್ಲಿ ಬಹಳ ಹಿಂದೆ, ಪೋಷಕರು ಬಂದು ಕಾಣುವುದು. ಅಮ್ಮ ಒಲೆ ಮುಂದೆ ಕೂತಿದ್ದಳು. "ಏನ್ ಬರದಾರಪ್ಪಾ?" ಅಂದಳು. "ಚೆನ್ನಾಗಿ ಓದ್ತಾನೆ ಅಂತ ಬರದಾರಮ್ಮ" ಅಂದೆ. ಪೆನ್ನಿನ ರೀಫಿಲ್ ಊದಿ ಶಾಯಿ ತೆಗೆದು ಅವಳ ಹೆಬ್ಬೆರಳಿಗೆ ಹಚ್ಚಿದೆ. ಅವಳು ಒತ್ತಿದಳು. ಕೆಂಪು ಅಕ್ಷರಗಳ ಪಕ್ಕದಲ್ಲೇ ಒತ್ತಿದಳು. ಒಂದಲ್ಲ, ಆ ವರ್ಷ ಮೂರು ಸಲ ಹಾಗಾಯಿತು.

ಬೆರಳೊತ್ತುವ ಪದ್ಧತಿಗೂ ಒಂದು ಚರಿತ್ರೆ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನಿಂದ ಕರಾರಿನ ಮೇಲೆ ಇಡೀ ಅಂಗೈ ಒತ್ತಿಸಿಕೊಂಡ, ಮುಂದೆ ಮಾತಿಗೆ ತಪ್ಪದಿರಲಿ ಎಂದು. ಅಧಿಕಾರ ಬೆರಳಗುರುತು ಹಿಡಿದ ಕಥೆ ಅಲ್ಲಿಂದ ಮುಂದುವರಿಯುತ್ತದೆ. ಐಗಳು ಅಂಗೈ ಮೇಲೆ ಬರೆದರೆ ತಾಯಿಗೆ ಅರ್ಥವಾಗುತ್ತಿತ್ತು. ಇಲ್ಲಿ ಅವಳ ಕೈಯೇ ಕಾಗದದ ಮೇಲೆ ಬಿತ್ತು, ಕಾಗದದಲ್ಲಿ ಏನಿದೆಯೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಸಂತೆಯಲ್ಲಿ ಮೇಷ್ಟರು ಅಮ್ಮನಿಗೆ ಸಿಕ್ಕರು. "ಯಾಕಮ್ಮ, ಮೂರು ಸಲ ಬರೆದರೂ ಬರಲಿಲ್ಲ?" ಎಂದರಂತೆ. ಅಮ್ಮ ಮನೆಗೆ ಬಂದು ಹೊಡೆಯಲಿಲ್ಲ. ಪತ್ರ ತೆಗೆಸಿದಳು. "ಈಗ ಇನ್ನೊಂದ್ ಸಲ ಓದು" ಅಂದಳು. ಓದಿದೆ. ಆಮೇಲೆ ಅವಳು ನನ್ನ ಲೆಕ್ಕದ ಬಗ್ಗೆ ಏನೂ ಕೇಳಲಿಲ್ಲ. ಬೇರೆ ಕೆಲಸ ಬಿಟ್ಟು ವಾರಕ್ಕೊಮ್ಮೆ ಶಾಲೆಯ ಕಟ್ಟೆಯ ಹತ್ತಿರ ಬಂದು ನಿಲ್ಲುತ್ತಿದ್ದಳು, ಅಷ್ಟೇ. ಕೂಲಿ ತಪ್ಪಿಸಿಕೊಂಡು ಬರುತ್ತಿದ್ದಳು ಎಂಬುದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಓದು ಬಾರದ ಮನೆಯನ್ನು ನೆನಪಿಟ್ಟುಕೊಂಡ ಪ್ರಯತ್ನಗಳು ನಮ್ಮಲ್ಲಿ ಆಗಿಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಕಲಿಕೆಯ ಮೆಟ್ಟಿಲುಗಳಿಗೆ ಚಿತ್ರಗಳ ಗುರುತಿದೆ, ಗೋಡೆಯ ಮೇಲೆ ಪ್ರತಿ ಮಗು ಎಲ್ಲಿದೆ ಎಂದು ತೋರಿಸುವ ಪ್ರಗತಿ ನೋಟವಿದೆ. ಕೊರೊನಾ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂದಾಗ ನಾವು ಗುಡಿಯ ಜಗಲಿ, ಬೇವಿನ ಕಟ್ಟೆಗಳಲ್ಲಿ ಪಾಠ ಮಾಡಿದೆವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆ ಎರಡು ತಿಂಗಳು ತಾಯಂದಿರು ಅಕ್ಕಿ ಆರಿಸುತ್ತ ಪಕ್ಕದಲ್ಲೇ ಕೂತು ನಮ್ಮ ಪಾಠ ಕೇಳಿದರು. ಇವನಿಗೆ ಕಳೆಯುವುದು ಬರುವುದಿಲ್ಲ ಎಂದು ನಾನು ಯಾರಿಗೂ ಚೀಟಿ ಬರೆಯಬೇಕಾಗಲಿಲ್ಲ.

ಈಚೆಗೆ ಶನಿವಾರ ನಾನು ಬರೆಯುವುದರ ಜೊತೆಗೆ ಧ್ವನಿ ಸಂದೇಶವನ್ನೂ ಹಾಕುತ್ತೇನೆ. ಬೆಂಗಳೂರಿನ ಮಗ ಅದನ್ನು ಅಕ್ಕಪಕ್ಕದವರ ಫೋನಿಗೆ ಕಳಿಸಿ ತಾಯಿಗೆ ಕೇಳಿಸುತ್ತಾನಂತೆ, ಕೆಲವು ವಾರ ಮರೆಯುತ್ತಾನಂತೆ. ಆದ್ದರಿಂದ ಗಂಟೆ ಹೊಡೆಯುವ ಮೊದಲು ಹತ್ತು ನಿಮಿಷ ಮಕ್ಕಳನ್ನು ನಿಲ್ಲಿಸಿ, ಮನೆಗೆ ಹೋಗಿ ಏನು ಹೇಳುತ್ತೀರಿ ಎಂದು ಒಬ್ಬೊಬ್ಬರಿಂದ ಹೇಳಿಸುತ್ತೇನೆ. ಎಲ್ಲರೂ ಹೇಳುತ್ತಾರೆಂಬ ಭರವಸೆ ನನಗಿಲ್ಲ. ನಾನೇ ಹೇಳಿದ್ದು ಏನೆಂದು ಗೊತ್ತಿದೆಯಲ್ಲ. ಮೊನ್ನೆ ಆ ಅಜ್ಜಿಯನ್ನು ಒಳಗೆ ಕರೆದು ಗೋಡೆಯ ಮೇಲೆ ಮೊಮ್ಮಗಳ ಗುರುತು ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ಅದರ ಮುಂದಿನ ಚಿತ್ರದ ಮೇಲೆ ಬೆರಳಿಟ್ಟು, "ಇಲ್ಲಿಗೆ ಯಾವಾಗ ಬರ್ತಾಳೆ ಸಾರ್?" ಎಂದು ಕೇಳಿದಳು. ದಿನಾ ಬಂದರೆ ಇನ್ನು ಹದಿನೈದು ದಿನ ಅಂದೆ. ಮುಂದಿನ ವಾರದಿಂದ ಮೆಣಸಿನಕಾಯಿ ಬಿಡಿಸುವ ಕೆಲಸ ಶುರುವಾಗುತ್ತದೆ, ಹುಡುಗಿಯನ್ನೂ ಹೊಲಕ್ಕೆ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೆ ಎಂದಳು ಅವಳು.