ಕೂಪನ್ನಿನಿಂದ ಉಳಿದದ್ದೆಷ್ಟು? ದುರ್ಗಿಗುಡಿಯ ದಿನಸಿ ಲೆಕ್ಕಕ್ಕೊಂದು ಟಿಪ್ಪಣಿ

ಶಿವಮೊಗ್ಗದ ದುರ್ಗಿಗುಡಿಯ ಮನೆಯೊಂದಕ್ಕೆ ತಿಂಗಳ ದಿನಸಿ ಮೂರು ಕಡೆಯಿಂದ ಬರಬಹುದು: ನ್ಯಾಯಬೆಲೆ ಅಂಗಡಿ, ಗಾಂಧಿ ಬಜಾರಿನ ಕಿರಾಣಿ, ಕೂಪನ್ ಕೊಡುವ ದೊಡ್ಡ ಮಳಿಗೆ. ಉಳಿತಾಯವನ್ನು ಯಾವ ಬೆಲೆಯ ಎದುರಿಗಿಟ್ಟು ಅಳೆಯಬೇಕು ಎಂಬುದು ಇಲ್ಲಿನ ಪ್ರಶ್ನೆ.

ಪಡಿತರದಲ್ಲಿ ಉತ್ತರ ಸುಲಭ. 2013ರ ಜುಲೈಯಲ್ಲಿ ಕಿಲೋಗೆ 1 ರೂಪಾಯಿಯಂತೆ ಆರಂಭವಾದ ಅನ್ನಭಾಗ್ಯದ ಅಕ್ಕಿ 2015ರಲ್ಲಿ ಉಚಿತವಾಯಿತು. 2023ರಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದಿದ್ದಾಗ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ನಾಲ್ವರಿರುವ ಮನೆಗೆ ತಿಂಗಳಿಗೆ 680. ಅಕ್ಕಿಗೆ ಸರ್ಕಾರವೇ ಹೀಗೆ ಬೆಲೆ ಕಟ್ಟಿದ್ದರಿಂದ ಸಂಶೋಧಕರಿಗೆ ಗಟ್ಟಿಯಾದ ಅಳತೆಯೊಂದು ದೊರೆಯಿತು.

ಪಡಿತರಕ್ಕೂ ಕೂಪನ್ ಬಂದಿತ್ತು. ಯು.ಟಿ. ಖಾದರ್ ಆಹಾರ ಸಚಿವರಾಗಿದ್ದಾಗ, 2016ರಲ್ಲಿ, ಬೆಂಗಳೂರಿನಿಂದ ಆ ಪದ್ಧತಿ ಶುರುವಾಯಿತು. ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿ ಕೂಪನ್ ಪಡೆಯಬೇಕು, ಅದನ್ನು ಅಂಗಡಿಗೆ ಕೊಟ್ಟು ಧಾನ್ಯ ತರಬೇಕು. ಸೋರಿಕೆ ತಡೆಯುವ ಉದ್ದೇಶ ಸರಿಯೇ. ಆದರೆ ಒಂದೇ ಅಕ್ಕಿಗೆ ಎರಡು ಕಡೆ ಸಾಲು ನಿಲ್ಲುವ ಕೂಲಿಯವರ ಕಳೆದುಹೋದ ದುಡಿಮೆಯೂ ಆ ಅಕ್ಕಿಯ ಬೆಲೆಯೇ. ಹೆಬ್ಬೆಟ್ಟಿನ ಯಂತ್ರ ನ್ಯಾಯಬೆಲೆ ಅಂಗಡಿಗೇ ಬಂದ ಮೇಲೆ ಆ ಕೂಪನ್ನಿಗೆ ಕೆಲಸ ಉಳಿಯಲಿಲ್ಲ.

ಮಳಿಗೆಯ ಕೂಪನ್ನಿನ ಸ್ವಭಾವ ಬೇರೆ. ಪಡಿತರ ತೂಕವನ್ನು ನಿಗದಿ ಮಾಡಿದರೆ ಇದು ಖರ್ಚನ್ನು ನಿಗದಿ ಮಾಡುತ್ತದೆ. 1,500 ರೂಪಾಯಿಯ ಸಾಮಾನಿಗೆ 100 ರೂಪಾಯಿ ಕಡಿತ ಎಂದಿಟ್ಟುಕೊಳ್ಳೋಣ. ಮನೆಗೆ ಬೇಕಾದದ್ದು 1,350ರಷ್ಟು ಮಾತ್ರ. ಬೇಡದ 150ರ ಸಾಮಾನು ಸೇರಿಸಿದರೆ ಕೈಯಿಂದ ಹೋಗುವುದು 1,400. ರಸೀದಿಯಲ್ಲಿ 100 ಉಳಿದಂತೆ ಕಂಡರೂ ಮನೆಗೆ 50 ಹೆಚ್ಚು ಖರ್ಚು. ಇನ್ನೊಂದು ತೊಡಕೂ ಇದೆ. ರಸೀದಿಯ ಕೊನೆಯಲ್ಲಿ ಅಚ್ಚಾಗುವ ಉಳಿತಾಯದ ಮೊತ್ತ ಸಾಮಾನ್ಯವಾಗಿ ಎಂಆರ್‌ಪಿಯ ಎದುರು ಹಾಕಿದ ಲೆಕ್ಕ. ಎಂಆರ್‌ಪಿ ಎಂಬುದು ಗರಿಷ್ಠ ಬೆಲೆ. ಪರಿಚಯದ ಕಿರಾಣಿಯವರೂ ಎಷ್ಟೋ ಸಾಮಾನನ್ನು ಅದಕ್ಕಿಂತ ಕಡಿಮೆಗೆ ಕೊಡುತ್ತಾರೆ. ಹೋಲಿಸಬೇಕಾದದ್ದು ಆ ಬೆಲೆಯೊಂದಿಗೆ.

ಹಾಗೆಂದು ಕೂಪನ್ನನ್ನು ಸಾರಾಸಗಟಾಗಿ ತಳ್ಳಿಹಾಕುವುದು ತಪ್ಪು. 2024ರ ಜನವರಿ 1ರಿಂದ ಪೊಟ್ಟಣಗಳ ಮೇಲೆ ಏಕಮಾನ ಬೆಲೆ ಅಚ್ಚು ಹಾಕುವುದು ಕಡ್ಡಾಯ: ಕಿಲೋಗಿಂತ ಕಡಿಮೆಯಿದ್ದರೆ ಗ್ರಾಮಿಗೆ, ಹೆಚ್ಚಿದ್ದರೆ ಕಿಲೋಗೆ. 450 ಗ್ರಾಮಿನ ಪೊಟ್ಟಣಕ್ಕೆ 126 ರೂಪಾಯಿ ಎಂದರೆ ಗ್ರಾಮಿಗೆ 28 ಪೈಸೆ, ಅಂದರೆ ಕಿಲೋಗೆ 280. ಅದೇ ಸಾಮಾನಿನ ಒಂದು ಕಿಲೋ ಪೊಟ್ಟಣ 260ಕ್ಕೆ ಸಿಗುತ್ತಿದ್ದರೆ ದೊಡ್ಡದೇ ಅಗ್ಗ. ಸಣ್ಣದರ ಮೇಲೆ 10 ರೂಪಾಯಿಯ ಕೂಪನ್ ಇದ್ದರೋ ಕಿಲೋಗೆ ಸುಮಾರು 258 ಬೀಳುತ್ತದೆ, ಲೆಕ್ಕ ತಿರುಗುತ್ತದೆ. ದೊಡ್ಡ ಪೊಟ್ಟಣ ಯಾವತ್ತೂ ಅಗ್ಗ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಇವು ವಿವರಣೆಗಾಗಿ ಹಾಕಿದ ಅಂಕಿಗಳು. ನಿಜವಾದ ಅಂಕಿಗಳಿರುವುದು ಮನೆಗಳ ರಸೀದಿಗಳಲ್ಲಿ. ದುರ್ಗಿಗುಡಿಯ, ಭದ್ರಾವತಿಯ ಓದುಗರು ಕಿರಾಣಿಯ ಚೀಟಿಯನ್ನೂ ಮಳಿಗೆಯ ರಸೀದಿಯನ್ನೂ ಎಸೆಯದೆ, ದಿನಾಂಕ ಬರೆದು ಒಂದೇ ಕಡೆ ಜೋಡಿಸಿಡಬೇಕೆಂದು ಕೋರುತ್ತೇನೆ.