ಹೃದಯವೇ, ಬಾಯಿ ಬಿಡಬೇಡ

ಈಜಿಪ್ಟಿನವರು ಮಮ್ಮಿ ಮಾಡುವಾಗ ಮೆದುಳನ್ನು ಮೂಗಿನ ಮೂಲಕ ಹೊರಗೆಳೆದು ಎಸೆಯುತ್ತಿದ್ದರು ಅನ್ನೋ ಕಥೆ ನೀವೂ ಕೇಳಿರ್ತೀರಿ. ಪಾಪ, ಏನೂ ಗೊತ್ತಿರಲಿಲ್ಲ ಅಂತ ನಗು ಬರುತ್ತೆ. ಆದರೆ ಕ್ರಿ.ಪೂ. 1600ರ ಸುಮಾರಿನ ಎಡ್ವಿನ್ ಸ್ಮಿತ್ ಪಪೈರಸ್‌ನ 48 ವೈದ್ಯಕೀಯ ಪ್ರಕರಣಗಳಲ್ಲಿ, ತಲೆಬುರುಡೆಯ ಪಕ್ಕಕ್ಕೆ ಪೆಟ್ಟು ಬಿದ್ದು ಮಾತು ನಿಂತುಹೋದವನೂ ಇದ್ದಾನೆ. ಅಷ್ಟೇನೂ ದಡ್ಡರಲ್ಲ ಅವರು. ಮನಸ್ಸು ಮಾತ್ರ ಎದೆಯಲ್ಲಿದೆ ಅಂತ ನಂಬಿದ್ದರು. ಯೋಚನೆ, ನೆನಪು, ಆಸೆ ಎಲ್ಲವೂ 'ಇಬ್', ಅಂದರೆ ಹೃದಯದ ಕೆಲಸ. ಹಾಗಾಗಿ ಅದನ್ನು ಸಾಮಾನ್ಯವಾಗಿ ದೇಹದಲ್ಲೇ ಉಳಿಸುತ್ತಿದ್ದರು.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಕ್ರಿ.ಪೂ. 1250ರ ಸುಮಾರಿನ 'ಅನಿಯ ಪಪೈರಸ್' ಚಿತ್ರ ನೋಡಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಅನಿ ಎಂಬ ಲಿಪಿಕಾರನ ಹೃದಯ, ಇನ್ನೊಂದರಲ್ಲಿ ಸತ್ಯದೇವತೆ ಮಾತ್‌ಳ ಗರಿ. ಥೋತ್ ದೇವರು ಫಲಿತಾಂಶ ಬರೆದುಕೊಳ್ತಿದ್ದಾನೆ. ಹಿಂದೆ ಮೊಸಳೆ ಮೂತಿಯ ಅಮ್ಮಿತ್ ಕಾಯ್ತಿದ್ದಾಳೆ. ತೂಕ ತಪ್ಪಿತೋ, ಹೃದಯ ಅವಳ ಬಾಯಿಗೆ, ಆಮೇಲಿನ ಬದುಕೂ ಇಲ್ಲ.

ಸತ್ತವನು ಅಲ್ಲಿ 42 ದೇವತೆಗಳೆದುರು ತಾನು ಕದ್ದಿಲ್ಲ, ಕೊಂದಿಲ್ಲ ಅಂತ ಒಂದೊಂದಾಗಿ ಹೇಳಬೇಕು. ನಮ್ಮ ಸೆಲ್ಫ್ ಅಪ್ರೈಸಲ್ ಫಾರಂ ಥರ! ಆದರೆ ಒಳಗಿನ ಸಂಗತಿಯೆಲ್ಲ ಗೊತ್ತಿರುವ ಒಬ್ಬ ಸಾಕ್ಷಿ ತಕ್ಕಡಿಯಲ್ಲೇ ಕೂತಿದೆಯಲ್ಲ? ಅದಕ್ಕೇ ಸಗಣಿಹುಳುವಿನ ಆಕಾರದ ಕಲ್ಲಿನ ತಾಯಿತದ ಮೇಲೆ ಮಂತ್ರ ಕೊರೆದು ಎದೆಯ ಮೇಲಿಡುತ್ತಿದ್ದರು. ತಾಯಿಯಿಂದ ಬಂದ ಹೃದಯವೇ, ವಿಚಾರಣೆಯಲ್ಲಿ ನನ್ನ ವಿರುದ್ಧ ನಿಲ್ಲಬೇಡ ಅನ್ನೋದು ಅದರ ಸಾರ. ಸ್ವಂತ ಹೃದಯಕ್ಕೇ ಇಂಥ ಬೇಡಿಕೆ ಸಲ್ಲಿಸಬೇಕಾದ ಭಯ ಎಂಥದ್ದಿರಬೇಕು! ನಾವೂ 'ಮನಸ್ಸಾಕ್ಷಿ' ಅಂತೀವಿ, ಆದರೆ ಅದು ಕಟಕಟೆ ಹತ್ತೀತು ಅಂತ ಯಾರೂ ತಾಯಿತ ಕಟ್ಟಿಕೊಳ್ಳಲ್ಲ.

ಇದನ್ನು ಓದಿದ ಕೂಡಲೇ ಫ್ರಾಯ್ಡ್ 1923ರಲ್ಲಿ ಬರೆದ ಸೂಪರ್‌ಈಗೋ ನೆನಪಾಗುತ್ತೆ. ಈಜಿಪ್ಟಿನವರು ಅದನ್ನು ಆಗಲೇ ಕಂಡುಹಿಡಿದಿದ್ದರು ಅಂದುಬಿಡೋದು ಸುಲಭ, ನಾನಂತೂ ಒಪ್ಪಲ್ಲ. ಫ್ರಾಯ್ಡ್‌ನ ಮನಸ್ಸು ತನ್ನ ಒಡೆಯನಿಂದಲೇ ಮುಚ್ಚಿಡುತ್ತದೆ, ಅದರ ಬಾಯಿ ಬಿಡಿಸೋಕೆ ರೋಗಿ ದುಡ್ಡು ಕೊಟ್ಟು ಸೋಫಾದ ಮೇಲೆ ಮಲಗುತ್ತಾನೆ. ಅನಿಯ ಹೃದಯಕ್ಕೆ ಎಲ್ಲವೂ ಗೊತ್ತು, ಅದು ಬಾಯಿ ಬಿಡದಿದ್ದರೆ ಸಾಕು.

ಆದರೂ ಫ್ರಾಯ್ಡ್‌ಗೆ ಆ ಕಾಲದ ಸೆಳೆತ ಇತ್ತು. 1938ರಲ್ಲಿ ನಾಜಿಗಳ ವಶವಾದ ವಿಯೆನ್ನಾ ಬಿಟ್ಟು ಲಂಡನ್‌ಗೆ ಬಂದಾಗ ಅವನ ಪ್ರಾಚೀನ ವಸ್ತುಗಳ ಸಂಗ್ರಹವೂ ಜೊತೆಗೆ ಬಂತು. ಅವನು ಬರೆಯುತ್ತಿದ್ದ ಮೇಜಿನ ಮೇಲಿದ್ದ ವಿಗ್ರಹಗಳಲ್ಲಿ ಒಂದು ಬಬೂನ್ ಕೋತಿಯದು. ಅದು ಥೋತ್‌ನ ಇನ್ನೊಂದು ರೂಪ.