ಬಯಲಿನ ಆವಿಗೆ, ಶಾಲೆಯ ಕುಲುಮೆ: ಇಂಡಿ ಸೀಮೆಯ ಶಾಲೆಗಳಿಗಾಗಿ ಒಂದು ಸುರಕ್ಷತಾ ವಿಚಾರ

6ರಿಂದ 8ನೇ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲ ಬಿಟ್ಟು ಬಡಿಗ, ತೋಟಗಾರ, ಕುಂಬಾರರಂಥ ಸ್ಥಳೀಯ ಕಸುಬುದಾರರಿಂದ ಕಲಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸುತ್ತದೆ. ಇಂಡಿ ತಾಲ್ಲೂಕಿನ ಹೊರ್ತಿಗೂ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಶಾಲೆಗಳಿಗೂ ಇದು ಒಗ್ಗುವ ಪಾಠವೇ. ಆದರೆ ಕುಂಬಾರಿಕೆ ಕೊಠಡಿಯೊಳಗೆ ಬಂದಾಗ ಬಯಲು ತಾನಾಗಿ ಕೊಡುತ್ತಿದ್ದ ರಕ್ಷಣೆ ಇಲ್ಲವಾಗುತ್ತದೆ. ಅದನ್ನು ಮತ್ತೆ ಕಟ್ಟಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಕುಂಬಾರರು ಹಸಿ ಗಡಿಗೆಯನ್ನು ನೆರಳಲ್ಲಿ ಒಣಗಿಸುತ್ತಾರೆ, ಆವಿಗೆಗೆ ಮೊದಲು ಸಣ್ಣ ಉರಿ ಕೊಡುತ್ತಾರೆ, ಪೂರ್ತಿ ಆರುವವರೆಗೆ ಕೆದಕುವುದಿಲ್ಲ. ಇವು ಬರಿಯ ರೂಢಿಗಳಲ್ಲ. ಮಣ್ಣಲ್ಲಿ ಪಸೆ ಉಳಿದರೆ 100 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದು ಉಗಿಯಾಗಿ ಪಾತ್ರೆಯನ್ನು ಸಿಡಿಸುತ್ತದೆ. 573 ಡಿಗ್ರಿಯಲ್ಲಿ ಮರಳಿನ ಕಣ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಷ್ಟೇ ಬೇಗ ಕುಗ್ಗುತ್ತದೆ. ಅವಸರದಲ್ಲಿ ತೆರೆದರೆ ಬಿರುಕು ಖಂಡಿತ. ಈ ಸೀಮೆಯ ಎರೆಮಣ್ಣಂತೂ ಒಣಗುವಾಗಲೇ ಸೀಳುವಂಥದ್ದು. ಅದರಲ್ಲಿನ ಸುಣ್ಣದ ಹರಳು ಕುಲುಮೆಯಲ್ಲಿ ಸುಟ್ಟ ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ ಪಾತ್ರೆಯ ಮೈಯನ್ನು ಒಡೆಯುತ್ತದೆ. ಮಣ್ಣನ್ನು ಕದಡಿ ಸೋಸದೆ ಮಕ್ಕಳ ಕೈಗೆ ಕೊಡಬಾರದು.

ಬೆಂಕಿಯ ಭಯ ಎಲ್ಲರಿಗೂ ಇದೆ. ನನ್ನ ಆತಂಕ ಕಣ್ಣಿಗೆ ಬೀಳದ್ದರ ಬಗ್ಗೆ. ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಉಸಿರಿನೊಡನೆ ಒಳಹೋಗುವ ಹರಳುರೂಪದ ಸಿಲಿಕಾ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ವರ್ಗೀಕರಿಸಿತು. ತರಗತಿ ಮುಗಿದ ಮೇಲೆ ಕಸಬರಿಗೆ ಹಿಡಿದು ಗುಡಿಸಿದರೆ ಆ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೊಂದೇ ಸರಿಯಾದ ದಾರಿ. ಬಯಲಲ್ಲಿ ಚದುರಿಹೋಗುವ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಉಳಿಯುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಸೀಸ ಬೆರೆತ ಮೆರುಗು ಲೇಪದಿಂದ ಹುಣಸೆ ಹುಳಿಯೂ ಮಜ್ಜಿಗೆಯೂ ಸೀಸವನ್ನು ಎಳೆದುಕೊಳ್ಳುತ್ತವೆ. ಮಗುವಿನ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲ; ಆ ಲೇಪ ಶಾಲೆಯ ಹೊಸ್ತಿಲು ದಾಟಬಾರದು.

ವಿದ್ಯುತ್ ಕುಲುಮೆಗೆ ಬೀಗವಿರುವ ಬೇರೆ ಕೋಣೆ, ಹೊಗೆಯನ್ನು ಹೊರದಬ್ಬುವ ಫ್ಯಾನು, ಸರಿಯಾದ ಅರ್ಥಿಂಗ್ ಬೇಕು. ಕರೆಂಟು ತೆಗೆಯದೆ ಮುಚ್ಚಳ ತೆರೆಯಲಾಗದಂಥ ಏರ್ಪಾಡೂ ಬೇಕು.

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಕುಲುಮೆ ಕೊಳ್ಳುವ ಮೊದಲು ಶಿಕ್ಷಕರು ಇಂಥ ಕಡೆ ತರಬೇತಿ ಪಡೆಯಬೇಕು. ಗಾಳಿಯಾಡುವ ಪ್ರತ್ಯೇಕ ಕೋಣೆಯಿಲ್ಲದ ಶಾಲೆ ಮಣ್ಣು ಮಿದಿಯುವುದನ್ನೂ ತಿಗರಿ ತಿರುಗಿಸುವುದನ್ನೂ ಕಲಿಸಲಿ; ಸುಡುವ ಕೆಲಸವನ್ನು ಊರ ಕುಂಬಾರರಿಗೆ ತಕ್ಕ ಕೂಲಿ ಕೊಟ್ಟು ಅವರ ಆವಿಗೆಗೇ ಬಿಡಲಿ.